ಆಷಾಢದಲ್ಲಿ ಬಾಂಡ್ ಮಾರಿದ್ದು

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು. ಆದ್ದರಿಂದ ನಿವೃತ್ತಿಯಾದಾಗ ಬಂದ ದುಡ್ಡನ್ನು ಎಲ್ಲಿಡಬೇಕೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ. ಹೇಳಿಕೊಡಲು ಬಂದವರೇನು ಕಡಿಮೆಯಿರಲಿಲ್ಲ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹಾಲು ತರಲು ಹೋದರೂ ಒಬ್ಬರು ಚಿನ್ನ ಅನ್ನುತ್ತಿದ್ದರು, ಇನ್ನೊಬ್ಬರು ಊರಾಚೆ ಸೈಟು ಅನ್ನುತ್ತಿದ್ದರು. ಎಲ್ಲರಿಗೂ ತಲೆಯಾಡಿಸಿ ಮನೆಗೆ ಬಂದು ನನ್ನ ಪಾಡಿಗೆ ನಾನು ಲೆಕ್ಕ ಹಾಕುತ್ತಿದ್ದೆ. ಕೇಳದೆ ಬಂದ ಸಲಹೆ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಕೊನೆಗೆ ಬಾಂಡ್ ಕೊಳ್ಳುವುದೆಂದು ತೀರ್ಮಾನಿಸಿದೆ. ಬಾಂಡ್ ಎಂದರೆ ಸರ್ಕಾರಕ್ಕೋ ಕಂಪನಿಗೋ ನಾವು ಕೊಡುವ ಸಾಲ. ಅವಧಿ ಮುಗಿಯುವವರೆಗೆ ಬಡ್ಡಿ ಬರುತ್ತದೆ, ಮುಗಿದ ಮೇಲೆ ಅಸಲು. ನಡುವೆ ದುಡ್ಡು ಬೇಕಾದರೆ ಷೇರುಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಿಬಿಡಬಹುದು. ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಬ್ರೋಕರ್ ಆಫೀಸಿದೆ. ಅಲ್ಲಿ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ವಯಸ್ಸು ನಲವತ್ತು ದಾಟಿ ಕಿವಿಯ ಪಕ್ಕ ಕೂದಲು ನರೆತಿದ್ದರೂ, ನನ್ನನ್ನು ಕಂಡೊಡನೆ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತ. ಹತ್ತನೇ ತರಗತಿಯ ಗಣಿತದಲ್ಲಿ ಹೇಗೋ ದಡ ಸೇರಿದವನು ಇವನು. ಅದು ಅವನಿಗೂ ನೆನಪಿತ್ತು, ನನಗೂ ನೆನಪಿತ್ತು.

ಅವನು ಎರಡು ಬಾಂಡ್ ತೋರಿಸಿದ. ಒಂದು ಸರ್ಕಾರದ್ದೇ ಒಂದು ಸಂಸ್ಥೆಯದು, ಬಡ್ಡಿ ಕಡಿಮೆ. ಇನ್ನೊಂದು ಖಾಸಗಿ ಕಂಪನಿಯದು, ಬಡ್ಡಿ ಎರಡು ಪರ್ಸೆಂಟಿನಷ್ಟು ಜಾಸ್ತಿ, ಅದೂ ತಿಂಗಳು ತಿಂಗಳು ಸಂಬಳದಂತೆ ಖಾತೆಗೆ ಬರುತ್ತದೆ. ನಾನು ಮನೆಯಿಂದಲೇ ಹನ್ನೆರಡು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಕಂಪನಿ ಗಟ್ಟಿಯೇ, ರೇಟಿಂಗ್ ಏನು, ತೆರಿಗೆ ಎಷ್ಟು ಹಿಡಿಯುತ್ತಾರೆ, ಬೇಕಾದಾಗ ಮಾರಬಹುದೇ, ಎಲ್ಲವನ್ನೂ ಕೇಳಿದೆ. ಮಾರಬಹುದು, ಷೇರುಪೇಟೆಯಲ್ಲಿ ಲಿಸ್ಟ್ ಆಗಿದೆ ಎಂದ. ಆಮೇಲೆ ಸ್ವಲ್ಪ ತಡವರಿಸಿ, ಆದರೆ ಮೊದಲನೆಯದರಲ್ಲಿ ದಿನಾಲೂ ವ್ಯವಹಾರ ಜಾಸ್ತಿ, ಎರಡನೆಯದರಲ್ಲಿ ಅಷ್ಟು ಓಡಾಟ ಇಲ್ಲ ಎಂದು ಶುರು ಮಾಡಿದ. ನಾನು ಕನ್ನಡಕದ ಮೇಲಿಂದ ನೋಡಿದೆ. ಎರಡು ಪರ್ಸೆಂಟಿಗೆ ವರ್ಷಕ್ಕೆ ಎಷ್ಟಾಗುತ್ತದೆ ಹೇಳು ಎಂದೆ. ಅವನು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ನಾನೇ ಉತ್ತರ ಹೇಳಿದೆ. ಆ ಮಾತು ಅಲ್ಲಿಗೆ ನಿಂತಿತು. ದುಡ್ಡಿನಲ್ಲಿ ಮುಕ್ಕಾಲು ಪಾಲನ್ನು ಖಾಸಗಿ ಕಂಪನಿಯ ಬಾಂಡಿಗೆ ಹಾಕಿದೆ, ಉಳಿದ ಕಾಲು ಭಾಗವನ್ನು, ಏನೋ ಒಂದು ಇರಲಿ ಎಂದು, ಸರ್ಕಾರದ್ದಕ್ಕೆ.

ಮೂರು ವರ್ಷ ತಿಂಗಳು ತಪ್ಪದೆ ಬಡ್ಡಿ ಬಂತು. ನಾನು ಹೇಳಿದ್ದನ್ನು ಕೇಳಿ ನಮ್ಮ ಶಾಲೆಯಿಂದಲೇ ನಿವೃತ್ತರಾದ ಇನ್ನೂ ಮೂವರು ಟೀಚರುಗಳು ಅದೇ ಬಾಂಡ್ ಕೊಂಡರು. ಹಬ್ಬಕ್ಕೆ ಒಂದೇ ಅಂಗಡಿಗೆ ಹೋಗಿ ಒಂದೇ ಥರದ ಸೀರೆ ಕೊಳ್ಳುತ್ತಿದ್ದವರಲ್ಲವೇ ನಾವು. ಬೆಳಗಿನ ವಾಕಿಂಗಿನಲ್ಲಿ ನಾಲ್ವರೂ ಬಡ್ಡಿ ಬಂತಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ಖುಷಿಪಡುತ್ತಿದ್ದೆವು. ನನಗೆ ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ತಂಗಿಯ ವಿಷಯ. ನನಗಿಂತ ಆರು ವರ್ಷ ಚಿಕ್ಕವಳು. ಅಪ್ಪ ತೀರಿಹೋದ ವರ್ಷ ನಾನು ಬಿ.ಎಡ್. ಓದುತ್ತಿದ್ದೆ, ಅವಳಿಗೆ ಹದಿನೇಳು. ನೀನು ಓದು ಮುಗಿಸು ಅಕ್ಕ ಎಂದು ಹೇಳಿ ಅವಳು ಹೊಲಿಗೆ ಮೆಷಿನ್ ಮುಂದೆ ಕೂತಳು, ಆಮೇಲೆ ಏಳಲೇ ಇಲ್ಲ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಗೆ ತಾಗಿದ ಒಂದು ಅಡ್ಡರಸ್ತೆಯಲ್ಲಿ ಅವಳದೊಂದು ಬ್ಲೌಸ್ ಹೊಲಿಯುವ ಅಂಗಡಿ. ಹತ್ತಡಿ ಉದ್ದ, ಒಂಬತ್ತಡಿ ಅಗಲ. ಇಪ್ಪತ್ತಾರು ವರ್ಷದಿಂದ ಬಾಡಿಗೆಗಿದ್ದಳು. ಮದುವೆಗೆ ಹೊಲಿಸಿಕೊಂಡವರು ಈಗ ಮಗಳ ಮದುವೆಗೆ ಹೊಲಿಸಲು ಬರುತ್ತಾರೆ. ನಾನು ನಿವೃತ್ತಳಾದ ದಿನ ಅವಳಿಗೆ ಒಂದು ಮಾತು ಕೊಟ್ಟಿದ್ದೆ. ಯಾವತ್ತಾದರೂ ಆ ಅಂಗಡಿ ಮಾರಾಟಕ್ಕೆ ಬಂದರೆ ನನ್ನನ್ನು ಕೇಳು, ಎರಡೇ ದಿನದಲ್ಲಿ ದುಡ್ಡು ಕೊಡುತ್ತೇನೆ ಎಂದಿದ್ದೆ.

ಕಳೆದ ಆಷಾಢದಲ್ಲಿ ಅದು ಮಾರಾಟಕ್ಕೆ ಬಂತು. ಅಂಗಡಿಯ ಯಜಮಾನರು ಒಳ್ಳೆಯ ಮನುಷ್ಯ. ಆಷಾಢದಲ್ಲಿ ನಾನೂ ಪತ್ರ ಮಾಡಿಸೋಲ್ಲ, ಅದು ಮುಗಿಯುವವರೆಗೂ ಬೇರೆಯವರಿಗೆ ತೋರಿಸುವುದೂ ಇಲ್ಲ ಎಂದರು. ಶ್ರಾವಣದ ಮೊದಲನೆಯ ಶುಕ್ರವಾರ ಪೂರ್ತಿ ದುಡ್ಡು ಕೊಟ್ಟು ರಿಜಿಸ್ಟ್ರೇಷನ್ ಮುಗಿಸಿದರೆ ಅಂಗಡಿ ತಂಗಿಗೆ. ಇಲ್ಲದಿದ್ದರೆ ಪಕ್ಕದ ಮೊಬೈಲ್ ಅಂಗಡಿಯವರು ಗೋಡೆ ಒಡೆದು ತಮ್ಮದರ ಜೊತೆ ಸೇರಿಸಿಕೊಳ್ಳಲು ಕಾದಿದ್ದರು. ಅರ್ಧ ದುಡ್ಡು ತಂಗಿಯ ಹತ್ತಿರವೇ ಇತ್ತು. ಉಳಿದರ್ಧಕ್ಕೆ ಅವಳು ಬ್ಯಾಂಕಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅಕ್ಕ ಹೇಳಿದ್ದಾಳಲ್ಲ.

ಮಾರನೆಯ ದಿನವೇ ಗಾಂಧಿ ಬಜಾರಿನ ಮಹಡಿ ಹತ್ತಿದೆ. ಹೋಗುವ ಮೊದಲು ನನ್ನ ಕಂಪನಿ ಬಾಂಡಿನ ಬೆಲೆಯನ್ನು ಲೆಕ್ಕ ಹಾಕಿಕೊಂಡಿದ್ದೆ. ಉಳಿದ ಅವಧಿ, ಬರಬೇಕಾದ ಬಡ್ಡಿ, ಈಗಿನ ದರ ಎಲ್ಲ ಸೇರಿಸಿದರೆ ಸಾವಿರ ರೂಪಾಯಿ ಮುಖಬೆಲೆಯ ಒಂದು ಬಾಂಡಿಗೆ ಸಾವಿರದ ಹದಿನಾರು ರೂಪಾಯಿ ನಲವತ್ತು ಪೈಸೆ ಬರುತ್ತಿತ್ತು. ಕಂಪ್ಯೂಟರಿನಲ್ಲೂ ಕೊನೆಯ ಬೆಲೆ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತಿತ್ತು. ತಂಗಿಗೆ ಬೇಕಾದ ದುಡ್ಡಿಗೆ ಆಗುವಷ್ಟು ಬಾಂಡನ್ನು ಆ ಬೆಲೆಗೆ ಮಾರಾಟಕ್ಕೆ ಹಾಕು ಎಂದೆ. ಹಳೆಯ ವಿದ್ಯಾರ್ಥಿ ನನ್ನ ಹಾಳೆಯನ್ನು ಎರಡು ಸಲ ನೋಡಿ, ನಲವತ್ತು ಪೈಸೆನೂ ಹಾಕ್ಲಾ ಮಿಸ್ ಎಂದು ಕೇಳಿದ. ಹಾಕದೆ ಮತ್ತೆ ಎಂದೆ.

ಅವತ್ತು ಒಂದೂ ಮಾರಾಟವಾಗಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಎರಡು ಬಾಂಡ್ ಹೋದವು, ಇನ್ನೇನು ಶುರುವಾಯಿತು ಎಂದು ಹಿಗ್ಗಿದೆ. ಆಮೇಲೆ ಮತ್ತೆ ಏನೂ ಇಲ್ಲ. ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ಇವತ್ತು ಆಗ್ಲಿಲ್ಲ ಮಿಸ್, ನಾಳೆ ನೋಡೋಣ ಎಂದು ಅವನು ಹೇಳುತ್ತಿದ್ದ. ಬೆಲೆ ಸರಿಯಾಗಿರುವಾಗ ಯಾಕೆ ಕೊಳ್ಳುವುದಿಲ್ಲ ಎಂಬುದೇ ನನಗೆ ಅರ್ಥವಾಗಲಿಲ್ಲ. ಉತ್ತರ ಸರಿಯಿದ್ದ ಮೇಲೆ ಅಂಕ ಕೊಡಲೇಬೇಕು ಎಂಬ ಜಗತ್ತಿನಲ್ಲಿ ಮೂವತ್ತೊಂದು ವರ್ಷ ಇದ್ದವಳು ನಾನು. ವಾಕಿಂಗಿನ ಮೂವರನ್ನೂ ಕೇಳಿದೆ, ನನ್ನದನ್ನು ನೀವೇ ತಗೊಳ್ಳಿ ಎಂದು. ಮೂವರೂ ಒಂದೇ ಮಾತು ಹೇಳಿದರು. ನಮ್ಮ ಹತ್ತಿರ ಇರೋದೇ ಸಾಕು, ಅವಧಿ ಮುಗಿಯೋವರೆಗೂ ನಾವು ಮುಟ್ಟೋಲ್ಲ ಎಂದರು. ನನ್ನಂಥವರೇ ಆ ಬಾಂಡನ್ನು ಕೊಂಡಿದ್ದರು, ಕೊಂಡು ಬೀರುವಿನಲ್ಲಿಟ್ಟಂತೆ ಇಟ್ಟುಕೊಂಡಿದ್ದರು. ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಆ ಬೆಲೆಗೆ ಯಾವಾಗಲೋ ಒಮ್ಮೆ ಯಾರೋ ನಾಲ್ಕು ಬಾಂಡ್ ಕೊಂಡಿದ್ದರು, ಅದೇ ಕಂಪ್ಯೂಟರಿನಲ್ಲಿ ವಾರಗಟ್ಟಲೆ ನಿಂತಿತ್ತು.

ಹೀಗೆ ಒಂಬತ್ತು ದಿನ ಕಳೆದವು. ನನಗೆ ಊಟ ಸೇರದಂತಾಯಿತು. ದುಡ್ಡು ಎಲ್ಲಿಗೂ ಹೋಗಿರಲಿಲ್ಲ, ಬಡ್ಡಿಯೂ ನಿಂತಿರಲಿಲ್ಲ. ಆದರೂ ತಂಗಿಯ ಕೈಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವಳು ಒಮ್ಮೆಯೂ ದುಡ್ಡು ಕೇಳಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಹತ್ತನೆಯ ದಿನ ಮೆಟ್ರೊ ಹಿಡಿದು ಮಲ್ಲೇಶ್ವರಕ್ಕೆ ಹೋದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಲಿಯಲು ಬಂದ ಬ್ಲೌಸ್ ಪೀಸುಗಳು ಅಂಗಡಿಯ ತುಂಬ ಗಂಟು ಗಂಟಾಗಿ ಬಿದ್ದಿದ್ದವು. ತಂಗಿ ಕಾಜಾ ಹೊಲಿಯುತ್ತಿದ್ದಳು. ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ಕೂತು, ಎಲ್ಲವನ್ನೂ ಹೇಳಿದೆ. ನಾಚಿಕೆಯಾಯಿತು ನನಗೆ. ಅವಳು ಬಯ್ಯುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದ್ದು, ಅಟ್ಟದ ಮೇಲಿಂದ ಒಂದು ದೊಡ್ಡ ಚೀಲ ಇಳಿಸಿದಳು.

ಚೀಲದ ತುಂಬ ಹೊಲಿದು ಮುಗಿಸಿದ ಬ್ಲೌಸುಗಳು. ಹೊಲಿಸಿದವರು ತೆಗೆದುಕೊಂಡು ಹೋಗಲು ಬಂದೇ ಇರಲಿಲ್ಲ. ಮನೆ ಬದಲಾಯಿಸಿದವರು, ಮರೆತವರು, ಸೀರೆಯೇ ಬೇಡವಾದವರು. ಒಂದೊಂದಕ್ಕೂ ಚೀಟಿ ಪಿನ್ ಮಾಡಿತ್ತು.

“ಇದೆಲ್ಲ ಒಳ್ಳೆ ಬಟ್ಟೆ ಅಕ್ಕ. ಹೊಲಿಗೆನೂ ಚೆನ್ನಾಗಿದೆ. ಆದ್ರೆ ಒಬ್ಬರ ಅಳತೆಗೆ ಹೊಲಿದಿದ್ದು, ಇನ್ನೊಬ್ಬರಿಗೆ ಆಗಲ್ಲ” ಎಂದಳು. ಆಮೇಲೆ ಗೋಡೆಗೆ ನೇತುಹಾಕಿದ್ದ ಲಂಗಗಳನ್ನು ತೋರಿಸಿದಳು. “ಲಂಗ ನೋಡು, ಲಾಡಿ ಎಳೆದು ಕಟ್ಟಿದ್ರೆ ಯಾರಿಗಾದ್ರೂ ಆಗುತ್ತೆ. ಲಾಭ ಕಡಿಮೆ. ಆದ್ರೆ ಬೆಳಿಗ್ಗೆ ನೇತುಹಾಕಿದ್ರೆ ಸಾಯಂಕಾಲಕ್ಕೆ ಇರಲ್ಲ. ನಿನ್ ಹತ್ರ ಲಂಗದಂಥದ್ದು ಏನೂ ಇಲ್ವಾ?”

ಇತ್ತು. ಏನೋ ಒಂದು ಇರಲಿ ಎಂದು ಕೊಂಡಿದ್ದ ಸರ್ಕಾರದ ಬಾಂಡು. ಬಡ್ಡಿ ಕಡಿಮೆಯೆಂದು ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಅದರಿಂದ ಬೇಕಾದದ್ದರಲ್ಲಿ ಅರ್ಧ ಮಾತ್ರ ಆಗುತ್ತಿತ್ತು. ಉಳಿದದ್ದಕ್ಕೆ ಬ್ಲೌಸನ್ನೇ ಮಾರಬೇಕಲ್ಲ ಎಂದೆ. ಅವಳು ಚೀಲದಿಂದ ಒಂದು ಹಸಿರು ಬ್ಲೌಸ್ ತೆಗೆದು ತಿರುವಿ ಹಾಕಿ, ಪಕ್ಕದ ಹೊಲಿಗೆ ತೋರಿಸಿದಳು. ಹೊಲಿಗೆಯ ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಮಡಚಿ ಬಿಟ್ಟಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಬ್ಲೌಸನ್ನೂ ಒಳಗೆ ಬಟ್ಟೆ ಬಿಡದೆ ಹೊಲಿದಿಲ್ಲವಂತೆ. ಆ ಇಂಚು ಇದ್ದರೆ ಬಿಚ್ಚಿ ಸಡಿಲ ಮಾಡಿ ಇನ್ನೊಬ್ಬರಿಗೆ ಕೊಡಬಹುದು.

“ನೀನು ನಲವತ್ತು ಪೈಸೆನೂ ಬಿಟ್ಟಿಲ್ವಲ್ಲ ಅಕ್ಕ” ಎಂದು ನಕ್ಕಳು.

ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಎದ್ದು ಬರುತ್ತಿದ್ದೆ. ಅವಳು ಹೇಳಿದ್ದಕ್ಕೆ ಸುಮ್ಮನೆ ಕೂತು ಅವಳು ತರಿಸಿದ ಕಾಫಿ ಕುಡಿದೆ. ಒಂಬತ್ತು ದಿನದ ಮೇಲೆ ಅವತ್ತು ಕಾಫಿಗೆ ರುಚಿ ಬಂದಿತ್ತು.

ಮಾರನೆಯ ಬೆಳಿಗ್ಗೆ ಬ್ರೋಕರ್ ಆಫೀಸಿಗೆ ಹೋದಾಗ ಹಳೆಯ ವಿದ್ಯಾರ್ಥಿ ಎಂದಿನಂತೆ ಎದ್ದು ನಿಂತ. ಕೂತ್ಕೊಳೋ ಮೊದಲು, ಕೂತು ನಿಜ ಹೇಳು ಎಂದೆ. ಅವನು ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದ. ಒಂದು ಕಡೆ ಮಾರುವವರ ಪಟ್ಟಿ, ಇನ್ನೊಂದು ಕಡೆ ಕೊಳ್ಳುವವರದು. ಮಾರುವವರ ಕಡೆ ನನ್ನದೇ ದೊಡ್ಡ ರಾಶಿ. ಕೊಳ್ಳುವವರ ಕಡೆ ಇಬ್ಬರೋ ಮೂವರೋ, ಐದು ಬೇಕು, ಹತ್ತು ಬೇಕು ಎನ್ನುವವರು, ಅವರು ಹೇಳುವ ಬೆಲೆ ನನ್ನದಕ್ಕಿಂತ ಇಪ್ಪತ್ತು ಮೂವತ್ತು ರೂಪಾಯಿ ಕೆಳಗೆ.

“ಇದು ಮೊದಲನೇ ದಿನದಿಂದ್ಲೂ ಹಿಂಗೇ ಇದೆಯಾ?” ಎಂದು ಕೇಳಿದೆ.

“ಹೂಂ ಮಿಸ್.”

“ಮತ್ತೆ ಯಾಕೋ ಹೇಳ್ಲಿಲ್ಲ?”

ಅವನು ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಇಟ್ಟ. “ನೀವು ಲೆಕ್ಕ ಮಾಡ್ಕೊಂಡು ಬಂದಿದ್ರಿ ಮಿಸ್. ನಿಮ್ ಲೆಕ್ಕ ನಡೆಯಲ್ಲ ಅಂತ ನಾನು ಹೆಂಗ್ ಹೇಳ್ಲಿ?”

ನಲವತ್ತು ದಾಟಿದ ಮನುಷ್ಯ. ಹೆಂಡತಿ ಮಕ್ಕಳಿರುವವನು, ಎಷ್ಟೋ ಜನರ ದುಡ್ಡು ನೋಡಿಕೊಳ್ಳುವವನು. ಅವನಿಗೆ ಇನ್ನೂ ನನ್ನ ಭಯ. ತರಗತಿಯಲ್ಲಿ ಇವನನ್ನು ಎಷ್ಟು ಸಲ ಬೋರ್ಡಿನ ಮುಂದೆ ನಿಲ್ಲಿಸಿದ್ದೆನೋ ಏನೋ. ನನಗೆ ನಗುವೂ ಬಂತು, ಸಂಕಟವೂ ಆಯಿತು. ತಪ್ಪಾಯ್ತು ಕಣೋ, ಈಗ ನೀನು ಹೇಳು, ನಾನು ಕೇಳ್ತೀನಿ ಎಂದೆ. ಒಂದು ಗಳಿಗೆ ಅವನು ನಂಬಲಿಲ್ಲ. ಆಮೇಲೆ ಮುಂದಕ್ಕೆ ಬಾಗಿ, ಎಷ್ಟು ಚೆನ್ನಾಗಿ ವಿವರಿಸಿದ ಎಂದರೆ, ಇವನು ಟೀಚರ್ ಆಗಿದ್ದರೆ ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದ ಅನ್ನಿಸಿತು.

ಮೊದಲು ಸರ್ಕಾರದ ಬಾಂಡ್ ಹಾಕಿದೆವು. ಕೆಳಗಿನ ಹೋಟೆಲಿನಿಂದ ಕಾಫಿ ಬರುವಷ್ಟರಲ್ಲಿ ಅಷ್ಟೂ ಮಾರಾಟವಾಗಿತ್ತು. ಬೆಲೆಯಲ್ಲಿ ಹೆಚ್ಚುಕಡಿಮೆ ಏನೂ ಆಗಲಿಲ್ಲ, ದುಡ್ಡು ಮಾರನೆಯ ದಿನ ಖಾತೆಗೆ ಬಂತು. ಅಲ್ಲಿ ಎರಡೂ ಕಡೆ ಉದ್ದುದ್ದ ಪಟ್ಟಿ, ಕ್ಷಣ ಕ್ಷಣಕ್ಕೂ ಅಂಕಿ ಬದಲಾಗುತ್ತಿತ್ತು. ಮೂರು ವರ್ಷ ನಾನು ತಾತ್ಸಾರ ಮಾಡಿದ ಬಾಂಡ್ ನನ್ನ ಮಾನ ಅರ್ಧ ಉಳಿಸಿತು.

ಕಂಪನಿ ಬಾಂಡಿನ ರಾಶಿಯನ್ನು ಅವನು ಪಟ್ಟಿಯಿಂದ ತೆಗೆದುಬಿಟ್ಟ. ಇಷ್ಟೊಂದು ಒಟ್ಟಿಗೆ ಕಂಡರೆ ಕೊಳ್ಳುವವರು ಇನ್ನೂ ಇಳಿಯಲಿ ಎಂದು ಕಾಯುತ್ತಾರಂತೆ. ದಿನಕ್ಕೆ ಇಪ್ಪತ್ತು, ಮೂವತ್ತು ಎಂದು ಬಿಡಿಬಿಡಿಯಾಗಿ ಹಾಕಲು ಶುರುಮಾಡಿದ. ಬೆಲೆಯನ್ನು ಸಾವಿರಕ್ಕೆ ಇಳಿಸಿದ್ದೆ. ಹದಿನಾರು ರೂಪಾಯಿ ನಲವತ್ತು ಪೈಸೆ ಬಿಟ್ಟಾಗ ಎದೆ ಚುರ್ ಎಂದಿತು. ಆದರೆ ಮೊದಲ ದಿನವೇ ಹನ್ನೊಂದು ಹೋದವು. ಆಮೇಲೆ ಇಪ್ಪತ್ತು. ಒಂದು ದಿನ ಬರೀ ಮೂರು. ಸಂಜೆಯಾದರೆ ಅವನೇ ಫೋನ್ ಮಾಡಿ ಎಷ್ಟು ಹೋಯಿತೆಂದು ಹೇಳುತ್ತಿದ್ದ, ನಾನು ತಂಗಿಗೆ ಹೇಳುತ್ತಿದ್ದೆ, ಅವಳು ಮೆಷಿನ್ ನಿಲ್ಲಿಸದೆ ಹೂಂ ಅನ್ನುತ್ತಿದ್ದಳು.

ಆಷಾಢ ಮುಗಿಯಲು ನಾಲ್ಕು ದಿನವಿದ್ದಾಗ ಲೆಕ್ಕ ನೋಡಿದರೆ ಈ ವೇಗದಲ್ಲಿ ಮಾರಿದರೆ ಸಾಲುವುದಿಲ್ಲ ಎಂದು ಗೊತ್ತಾಯಿತು. ತಂಗಿ ಹೇಳಿದ ಇಂಚು ನೆನಪಾಯಿತು. ಇನ್ನೂ ಎಂಟು ರೂಪಾಯಿ ಬಿಡು ಎಂದೆ. ಹಳೆಯ ವಿದ್ಯಾರ್ಥಿ ಅಡ್ಡಬಂದ. ಬೇಡ ಮಿಸ್, ಮೂರು ರೂಪಾಯಿ ಬಿಟ್ಟು ಎರಡು ದಿನ ಕಾಯೋಣ, ತಿಂಗಳ ಬಡ್ಡಿ ಹತ್ತಿರ ಬರುತ್ತಿದೆ, ಅದರ ಆಸೆಗೆ ಯಾರಾದರೂ ಕೊಳ್ಳಲು ಬರಬಹುದು ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮಾತನ್ನು ತಿದ್ದಿದ್ದು. ಆಗಲಪ್ಪ ಎಂದೆ.

ಒಂದು ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಫೋನ್ ಬಂತು. “ಮಿಸ್, ಹಾಕಿದ್ದೆಲ್ಲ ಹೋಯ್ತು. ಯಾರೋ ಒಬ್ಬರು ಒಟ್ಟಿಗೆ ಕೇಳಿದ್ರು, ನಮಗೆ ಬೇಕಾಗಿದ್ದರಲ್ಲಿ ಉಳಿದಿದ್ದನ್ನೂ ಹಾಕ್ದೆ, ಅಷ್ಟೂ ತಗೊಂಡ್ರು” ಎಂದ. ಯಾರು ಎಂದು ಕೇಳಿದೆ. ಅದು ಗೊತ್ತಾಗುವುದಿಲ್ಲವಂತೆ. ನನ್ನ ಹಾಗೆಯೇ ಎಲ್ಲೋ ಒಬ್ಬರು ನಿವೃತ್ತರಾಗಿ, ತಿಂಗಳಿಗಿಷ್ಟು ಬರಲಿ ಎಂದು ಕೊಂಡಿರಬೇಕು. ಅವರ ಅಳತೆಗೆ ಆ ಬಾಂಡ್ ಸರಿಯಾಗಿ ಕೂರಲಿ, ಅವಧಿ ಮುಗಿಯುವವರೆಗೆ ಮಾರುವ ಗೋಜು ಬಾರದಿರಲಿ ಎಂದು ಕತ್ತರಿಸಿದ ಹುರುಳಿಕಾಯಿ ಹಿಡಿದುಕೊಂಡೇ ಹಾರೈಸಿದೆ. ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ, ಚಟ ಬಿಡುವುದಿಲ್ಲ. ಮಾರಿದ ಬಾಂಡುಗಳಿಗೆ ಮೂರು ವರ್ಷದಲ್ಲಿ ಆ ಎರಡು ಪರ್ಸೆಂಟಿನಿಂದ ಹೆಚ್ಚಿಗೆ ಬಂದದ್ದರಲ್ಲಿ ಮೂರನೇ ಒಂದು ಭಾಗ ಮಾರುವಾಗ ಕೈಬಿಟ್ಟಿತ್ತು. ಕೆಟ್ಟ ವ್ಯಾಪಾರವೇನಲ್ಲ. ವಾಕಿಂಗಿನ ಮೂವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಿದೆ. ನಿಮ್ಮ ದುಡ್ಡಿನಲ್ಲಿ ಬೇಗ ಬೇಕಾಗಬಹುದಾದಷ್ಟನ್ನು ದಿನಾಲೂ ಕೊಡುಕೊಳ್ಳುವಿಕೆ ಇರುವ ಬಾಂಡಿನಲ್ಲಿಡಿ, ಕೊಳ್ಳುವ ಮೊದಲು ಬಡ್ಡಿಯ ಜೊತೆ ನೆನ್ನೆ ಎಷ್ಟು ಮಾರಾಟವಾಯಿತು ಅಂತಲೂ ಕೇಳಿ ಎಂದೆ. ಅವರು ಕೇಳದೆಯೇ ಸಲಹೆ ಕೊಟ್ಟೆ ಎಂಬುದು ಆಮೇಲೆ ಹೊಳೆಯಿತು.

ಶ್ರಾವಣದ ಮೊದಲನೆಯ ಶುಕ್ರವಾರ ಬೆಳಿಗ್ಗೆ ತಂಗಿ ನನಗೊಂದು ಬ್ಲೌಸ್ ಕೊಟ್ಟು, ಇದನ್ನೇ ಹಾಕಿಕೊಂಡು ಬಾ ಎಂದಳು. ಅದೇ ಹಸಿರು ಬ್ಲೌಸು. ಒಳಗಿನ ಇಂಚನ್ನು ಬಿಚ್ಚಿ ನನ್ನ ಅಳತೆಗೆ ಮಾಡಿದ್ದಳು. ಹಳೆಯ ಹೊಲಿಗೆಯ ಗುರುತು ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತಿತ್ತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಧ ದಿನ ಕಾದು, ಹೆಬ್ಬೆಟ್ಟೊತ್ತಿ, ಫೋಟೊ ತೆಗೆಸಿಕೊಂಡು ಅಂಗಡಿಗೆ ಬಂದೆವು. ಯಜಮಾನರು ಬೀಗದ ಕೈಯನ್ನು ತಾಂಬೂಲದ ಜೊತೆ ಇಟ್ಟು ಅವಳ ಕೈಗೆ ಕೊಟ್ಟಿದ್ದರು. ಇಪ್ಪತ್ತಾರು ವರ್ಷದಿಂದ ಅವಳ ಹತ್ತಿರವೇ ಇದ್ದ ಬೀಗದ ಕೈಯ ಇನ್ನೊಂದು ಜೊತೆ.

ತಂಗಿ ಷಟರ್ ಎತ್ತಿ, ದೇವರ ಪಟಕ್ಕೆ ಹೂವಿಟ್ಟು, ಸೀದಾ ಮೆಷಿನ್ ಮುಂದೆ ಕೂತಳು. ಹಬ್ಬಕ್ಕೆ ಇನ್ನೂ ನಲವತ್ತು ಬ್ಲೌಸ್ ಬಾಕಿಯಿತ್ತು. ನಾನು ಸ್ಟೂಲಿನ ಮೇಲೆ ಕೂತು ನಾಲ್ಕೂ ಗೋಡೆ ನೋಡಿದೆ. ಹೊಸದಾಗಿ ಕಲಿತವಳಲ್ಲವೇ, ಬಾಯಿ ಸುಮ್ಮನಿರಲಿಲ್ಲ. ಬಾಂಡನ್ನಾದರೆ ಹದಿನೈದು ದಿನದಲ್ಲಿ ಮಾರಿದೆವು, ನಾಳೆ ದಿಢೀರನೆ ದುಡ್ಡು ಬೇಕಾದರೆ ಈ ಅಂಗಡಿ ಮಾರಲು ಎಷ್ಟು ತಿಂಗಳು ಬೇಕೋ, ಎಷ್ಟು ರೂಪಾಯಿ ಬಿಡಬೇಕೋ, ಯೋಚನೆ ಮಾಡಿದ್ದೀಯಾ ಎಂದು ಟೀಚರ್ ದನಿಯಲ್ಲಿ ಕೇಳಿದೆ.

ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡುಮಾಡಿ, ತಲೆಯೆತ್ತಿ ನನ್ನನ್ನು ನೋಡಿದಳು.

“ಇದನ್ನ ಮಾರೋರು ಯಾರು ಅಕ್ಕ? ಇದು ನನ್ನ ಅಳತೆಗೇ ಹೊಲಿದಿರೋದು.”

ಮತ್ತೆ ಮೆಷಿನ್ ತುಳಿಯತೊಡಗಿದಳು. ನಾನು ಒಂದು ಬ್ಲೌಸ್ ಎತ್ತಿಕೊಂಡು ಹುಕ್ಕು ಹಾಕಲು ಕೂತೆ.